ಮೈಗಳ್ಳ ಅಂದರೆ ಕೆಲಸ ಬಿಟ್ಟವನಲ್ಲ

ಹೋದ ತಿಂಗಳು ಬೇಲೂರಿನ ಹತ್ತಿರ ನೆಂಟರ ಮನೆಯ ಗೃಹಪ್ರವೇಶ. ಊಟಕ್ಕೆ ಕೂತಿದ್ದೆವು. ಪಕ್ಕದಲ್ಲಿದ್ದ ಮಾವ ಒಬ್ಬರು ಕೇಳಿದರು: ‘ನಿನ್ನ ತಮ್ಮ ಇನ್ನೂ ಮನೇಲೇ ಇದಾನಾ? ಒಳ್ಳೇ ಮೈಗಳ್ಳ ಆಗೋದ ಬಿಡು.’ ತಮ್ಮ ಅಂದರೆ ನಮ್ಮ ಚಿಕ್ಕಪ್ಪನ ಮಗ. ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿ ದುಡಿದ. ಕೆಲಸ ಬಿಡುವುದಕ್ಕೆ ಮೂರು ತಿಂಗಳು ಮುಂಚೆಯೇ ನೋಟಿಸ್ ಕೊಟ್ಟ. ತನ್ನ ಜಾಗಕ್ಕೆ ಬಂದವರಿಗೆ ಕೆಲಸ ಹೇಳಿಕೊಟ್ಟು, ಸಕಲೇಶಪುರದ ಕಡೆಯ ಮನೆಗೆ ಬಂದು ಕೂತ. ಕೂಡಿಟ್ಟ ದುಡ್ಡಿನಲ್ಲಿ ಬದುಕುತ್ತಾನೆ. ಸಾಲ ಇಲ್ಲ, ಯಾರ ಹತ್ತಿರವೂ ಕೈ ಚಾಚಿಲ್ಲ. ಈ ಒಂದೇ ವರ್ಷದಲ್ಲಿ ಅವನಿಗೆ ಈ ಪದ ಅಂದದ್ದನ್ನು ನಾನು ಕೇಳಿದ್ದು ಅದು ಐದನೆಯದೋ ಆರನೆಯದೋ ಸಲ. ಊಟದ ಎಲೆ ಮುಂದೆ ವ್ಯಾಕರಣ ಮಾತಾಡೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೈ ಮತ್ತು ಕಳ್ಳ ಸೇರಿ ಮೈಗಳ್ಳ. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ. ಮೈಗಾವಲು ಆದದ್ದೂ ಹೀಗೇ. ಕ ಹೋಗಿ ಗ ಬರುತ್ತದೆ, ಶಾಲೆಯಲ್ಲಿ ಆದೇಶ ಸಂಧಿ ಅಂತ ಓದಿದ್ದು. ಅದು ಸುಲಭದ ಭಾಗ. ಎಡವುವುದು ‘ಕಳ್ಳ’ನ ಹತ್ತಿರ.

ಕಳ್ಳ ಎನ್ನುವುದು ಪದದ ಮುಂದೆ ಬಂದರೆ ಒಂದು ಅರ್ಥ, ಹಿಂದೆ ಬಂದರೆ ಇನ್ನೊಂದು. ಕಳ್ಳನೋಟ, ಕಳ್ಳದಾರಿ, ಕಳ್ಳನಿದ್ದೆ ಇವುಗಳಲ್ಲಿ ಯಾರೂ ಏನನ್ನೂ ಕದ್ದಿಲ್ಲ. ಗುಟ್ಟಿನದು ಅಥವಾ ಸುಳ್ಳಿನದು ಅಂತಷ್ಟೇ ಅರ್ಥ. ಹಿಂದೆ ಬಂದಾಗ ನಿಜವಾದ ಕಳ್ಳನೇ ಬಂದ. ದನಗಳ್ಳ ದನ ಕದ್ದ. ಕಾಡುಗಳ್ಳ ಕಾಡಿನ ಮರ ಕದ್ದ. ಆ ಲೆಕ್ಕದಲ್ಲಿ ಮೈಗಳ್ಳ ಮೈ ಕದ್ದ. ಯಾರ ಮೈ? ತನ್ನದೇ. ತನ್ನ ಮೈಯನ್ನು ತಾನೇ ಕದಿಯುವುದು ಹೇಗೆ?

ಇದಕ್ಕೆ ಉತ್ತರ ‘ತೆರಿಗೆಗಳ್ಳ’ ಎಂಬ ಪದದಲ್ಲಿದೆ. ತೆರಿಗೆಗಳ್ಳ ಬೇರೆಯವರ ಮನೆಗೆ ನುಗ್ಗಿ ಕದ್ದವನಲ್ಲ. ದುಡ್ಡು ಅವನ ಜೇಬಿನಲ್ಲೇ ಇತ್ತು. ಆದರೆ ಅದರಲ್ಲಿ ಒಂದು ಪಾಲು ಕೊಡಬೇಕಾಗಿತ್ತು. ಕೊಡದೆ ಬಚ್ಚಿಟ್ಟ. ಅಂದರೆ ಕೊಡಬೇಕಾದ್ದನ್ನು ಮುಚ್ಚಿಡುವುದೂ ಕನ್ನಡದಲ್ಲಿ ಕಳ್ಳತನವೇ. ಮೈಗಳ್ಳ ಈ ಜಾತಿಯ ಕಳ್ಳ. ಹಳೆಯ ಕಾಲದಲ್ಲಿ ದುಡಿಮೆ ಅಂದರೆ ಮೈ. ಈಗಲೂ ಮೈ ಬಗ್ಗಿಸಿ ದುಡಿ, ಮೈ ಮುರಿದು ದುಡಿ ಅನ್ನುತ್ತೇವೆ ಅಲ್ವಾ? ಒಪ್ಪಿಕೊಂಡ ಕೆಲಸಕ್ಕೆ ಕೊಡಬೇಕಾದ ಮೈಯನ್ನು ಕೊಡದೆ, ಕೊಟ್ಟ ಹಾಗೆ ತೋರಿಸಿ, ಬಚ್ಚಿಟ್ಟುಕೊಳ್ಳುವವನು ಮೈಗಳ್ಳ.

ಹಾಗಾಗಿ ಈ ಪದಕ್ಕೆ ಎರಡು ಷರತ್ತು. ಮೊದಲು ಕೆಲಸವೊಂದು ಒಪ್ಪಿರಬೇಕು. ಆಮೇಲೆ ಬಚ್ಚಿಡುವುದು ಇರಬೇಕು. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರನ್ನು ಯಾರೂ ತೆರಿಗೆಗಳ್ಳರು ಅನ್ನುವುದಿಲ್ಲ. ಕೆಲಸವನ್ನೇ ಬಿಟ್ಟವನನ್ನು ಮೈಗಳ್ಳ ಅನ್ನುವುದು ಅಷ್ಟೇ ತಪ್ಪು. ಅವನು ಯಾರಿಗೂ ಮೈ ಬಾಕಿ ಇಟ್ಟಿಲ್ಲ. ಇನ್ನು ಬಚ್ಚಿಡುವ ಮಾತು. ‘ಏನ್ ಮಾಡ್ತಿದೀಯಪ್ಪಾ ಈಗ?’ ಅಂತ ಯಾರು ಕೇಳಿದರೂ ನಮ್ಮ ಹುಡುಗ ‘ಏನೂ ಇಲ್ಲ, ಬಿಟ್ಟಿದೀನಿ’ ಅಂತಾನೆ. ಇಷ್ಟು ಬಿಚ್ಚಿ ಹೇಳುವವನು ಎಲ್ಲಿಯ ಕಳ್ಳ?

ಪದದ ಸರಿಯಾದ ಬಳಕೆ ನಾನು ಕಲಿತದ್ದು ನಿಘಂಟಿನಿಂದಲ್ಲ, ತೋಟದಿಂದ. ನಮ್ಮ ಕಡೆ ಕಾಫಿ ತೋಟದಲ್ಲಿ ಎರಡು ಥರದ ಲೆಕ್ಕ. ಕಳೆ ಹೊಡೆಯುವುದು, ಚಿಗುರು ತೆಗೆಯುವುದು, ಗುಂಡಿ ತೋಡುವುದು, ಗೊಬ್ಬರ ಹಾಕುವುದು ಸಾಮಾನ್ಯವಾಗಿ ಹಾಜರಿ ಲೆಕ್ಕ. ಬೆಳಿಗ್ಗೆ ಹೆಸರು ಬರೆಸಿದರೆ ದಿನದ ಕೂಲಿ. ಹಣ್ಣು ಕುಯ್ಯುವುದು ಜಾಸ್ತಿ ಕಡೆ ಕೆಜಿ ಲೆಕ್ಕ. ಸಂಜೆ ಚೀಲ ತೂಕ ಹಾಕಿ, ಎಷ್ಟು ಕೆಜಿಯೋ ಅಷ್ಟು ದುಡ್ಡು. ನಾನು ಕಾಲೇಜಿನಲ್ಲಿದ್ದಾಗ ಒಂದು ಸಂಜೆ ತೂಕದ ಹತ್ತಿರ ನಿಂತಿದ್ದೆ. ಒಬ್ಬ ಹುಡುಗನ ಚೀಲ ಬೇರೆಯವರದರ ಅರ್ಧವೂ ಇರಲಿಲ್ಲ. ಮಧ್ಯಾಹ್ನವೆಲ್ಲ ಬಳ್ಳಿ ಹಬ್ಬಿದ ಹಲಸಿನ ಮರದ ಕೆಳಗೆ ಮಲಗಿದ್ದನ್ನು ನಾನೇ ನೋಡಿದ್ದೆ. ‘ಮೈಗಳ್ಳ’ ಅಂದೆ. ಮೇಸ್ತ್ರಿ ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. ‘ಕೆಜಿ ಲೆಕ್ಕದಲ್ಲಿ ಎಂಥ ಮೈಗಳ್ಳತನ ಅಣ್ಣಾ? ಕಮ್ಮಿ ಕುಯ್ದ, ಕಮ್ಮಿ ತಗಂಡ. ಹಾಜ್ರಿಲಿ ಮಲಗಿದ್ರೆ ಹೇಳು, ನಾನೇ ಬಯ್ತೀನಿ’ ಅಂದರು.

ಮೂರೇ ವಾಕ್ಯದಲ್ಲಿ ಅವರು ಪದದ ಗಡಿ ಎಳೆದುಬಿಟ್ಟರು. ಅದೇ ಮರ, ಅದೇ ನೆರಳು, ಅದೇ ನಿದ್ದೆ. ಹಾಜರಿಯಲ್ಲಿ ಕಳ್ಳತನ, ಕೆಜಿಯಲ್ಲಿ ಅವನಿಷ್ಟ. ಪದ ಹೇಳುವುದು ನಿದ್ದೆಯನ್ನಲ್ಲ, ಒಪ್ಪಂದವನ್ನು.

ಈ ಗಡಿ ಮರೆತವರು ಊರಿನಲ್ಲಿ ತುಂಬ ಜನ. 2013ರಲ್ಲಿ ಅನ್ನಭಾಗ್ಯ ಬಂದಾಗಿನಿಂದ ಹಾಸನ, ಚಿಕ್ಕಮಗಳೂರು ಎರಡೂ ಕಡೆ ಬೆಳೆಗಾರರ ಬಾಯಲ್ಲಿ ಒಂದು ಮಾತು ನಿಂತುಹೋಗಿದೆ: ‘ಅಕ್ಕಿ ಕೊಟ್ಟು ಜನಾನ ಮೈಗಳ್ಳರನ್ನ ಮಾಡಿದ್ರು, ಆಳೇ ಸಿಗಲ್ಲ.’ ಆಳು ಸಿಗದ ಕಷ್ಟ ನನಗೂ ಗೊತ್ತು. ಹಣ್ಣು ಗಿಡದಲ್ಲೇ ಒಣಗಿ ಉದುರುವುದನ್ನು ನೋಡಿದವರಿಗೆ ಹೊಟ್ಟೆ ಉರಿಯುತ್ತದೆ. ಅಸ್ಸಾಂ ಕಡೆಯಿಂದ ಜನ ಬರದೇ ಇದ್ದರೆ ಎಷ್ಟೋ ತೋಟದಲ್ಲಿ ಈಗ ಕೊಯ್ಲು ಮುಗಿಯುವುದೇ ಇಲ್ಲ. ಆದರೆ ಆ ಕೂಲಿಗೆ ನಾನು ಬರುವುದಿಲ್ಲ ಅಂದವನು ಮೈಗಳ್ಳ ಅಲ್ಲ. ಅವನು ಒಪ್ಪಿಕೊಂಡೇ ಇಲ್ಲ. ಮಾರುಕಟ್ಟೆಯಲ್ಲಿ ಕಾಫಿ ರೇಟು ಇಳಿದಾಗ ನಾವು ಮೂಟೆಗಳನ್ನು ಮಾರದೆ ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ. ನಮ್ಮನ್ನು ಯಾರೂ ಕಾಫಿಗಳ್ಳರು ಅನ್ನುವುದಿಲ್ಲ. ಅವನ ಹತ್ತಿರ ಮಾರುವುದಕ್ಕೆ ಇರುವುದು ಮೈ ಒಂದೇ.

ಇದರ ಜೊತೆಗೇ ಬರುವ ಇನ್ನೊಂದು ಬೈಗುಳ ‘ಬಿಟ್ಟಿ ಕೂಳು ತಿನ್ನೋರು’. ಈ ಬಿಟ್ಟಿಯ ಕಥೆ ಕೇಳಿದರೆ ಬೇಜಾರಾಗುತ್ತದೆ. ಇದು ‘ಬಿಡು’ ಎಂಬ ಕ್ರಿಯಾಪದದಿಂದ ಹುಟ್ಟಿದ್ದಲ್ಲ. ಸಂಸ್ಕೃತದ ವಿಷ್ಟಿ ಕನ್ನಡದಲ್ಲಿ ಬಿಟ್ಟಿ ಆಗಿದೆ. ವಿಷ್ಟಿ ಅಂದರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ಕೆಲಸ. ದೊರೆಗೋ ಊರಿನ ದೊಡ್ಡವರಿಗೋ ಪುಕ್ಕಟೆ ದುಡಿದುಕೊಡಬೇಕಾಗಿತ್ತು. ‘ಬಿಟ್ಟಿ ಬೇಗಾರಿ’ ಅನ್ನುವ ಜೋಡಿ ಮಾತಿನಲ್ಲಿ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ನಮ್ಮ ಸಂವಿಧಾನದ 23ನೇ ವಿಧಿ ನಿಷೇಧಿಸಿರುವುದು ಈ ಬೇಗಾರಿಯನ್ನೇ. ಜೀತ ಪದ್ಧತಿ ರದ್ದಾದ ಕಾನೂನು ಬಂದದ್ದು 1976ರಲ್ಲಿ, ಬಹಳ ಹಿಂದೇನೂ ಅಲ್ಲ. ಅಂದರೆ ಬಿಟ್ಟಿ ಎಂಬುದು ಮೊದಲು ದುಡಿದೂ ಕೂಲಿ ಸಿಗದವರ ಪದ. ಪುಕ್ಕಟೆ ಸಿಕ್ಕಿದ್ದು ದುಡಿಸಿಕೊಂಡವರಿಗೆ. ಈಗ ಅದೇ ಪದವನ್ನು ತಿರುಗಿಸಿ, ಆ ದುಡಿದವರ ಮೊಮ್ಮಕ್ಕಳ ಮೇಲೆ ಎಸೆಯುತ್ತಿದ್ದೇವೆ. ಪದಗಳ ಅರ್ಥ ಬದಲಾಗುತ್ತದೆ, ಒಪ್ಪುತ್ತೇನೆ. ‘ಬಿಟ್ಟಿ ಟಿಕೆಟ್’ ಅಂದರೆ ನನಗೇನೂ ತಕರಾರಿಲ್ಲ. ಮನುಷ್ಯರಿಗೆ ಅಂಟಿಸುವಾಗ ಮಾತ್ರ ಒಂದು ಸಲ ಯೋಚನೆ ಮಾಡಿ.

(ಬೇಲೂರಿನವರು ಕೇಳುತ್ತಾರೆ ಅಂತ ಗೊತ್ತು. ವಿಷ್ಣುವರ್ಧನನ ಮೊದಲ ಹೆಸರು ಬಿಟ್ಟಿದೇವ. 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ದೊರೆ. ಆ ಬಿಟ್ಟಿ ‘ವಿಷ್ಣು’ವಿನ ತದ್ಭವ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.)

ಸೋಮಾರಿ ಬೇರೆ ಪದ. ಸೋಮವಾರಕ್ಕೂ ಅದಕ್ಕೂ ಸಂಬಂಧ ಕಟ್ಟುವುದನ್ನು ದಯವಿಟ್ಟು ನಿಲ್ಲಿಸಿ. ತೆಲುಗಿನಲ್ಲಿ ಸೋಮರಿ, ತಮಿಳಿನಲ್ಲಿ ಸೋಂಬೇರಿ. ಅಕ್ಕತಂಗಿ ಭಾಷೆಗಳಲ್ಲಿ ಹಂಚಿಹೋದ ನಮ್ಮದೇ ಪದ. ಸೋಮಾರಿತನ ಒಂದು ಸ್ವಭಾವ. ಕೆಲಸದಲ್ಲಿದ್ದೂ ಸೋಮಾರಿ ಆಗಿರಬಹುದು. ಕೆಲಸ ಬಿಟ್ಟೂ ಚುರುಕಾಗಿರಬಹುದು. ಸೋಮಾರಿ ಕಟ್ಟೆ ಅಂತ ನಮ್ಮ ಊರುಗಳಲ್ಲಿ ಅರಳಿಮರದ ಬುಡದಲ್ಲಿ ಇರುತ್ತದಲ್ಲ, ಅಲ್ಲಿ ಹೋಗಿ ನೋಡಿ. ಕೂತವರಲ್ಲಿ ಅರ್ಧ ಜನ ಬೆಳಿಗ್ಗೆ ಹಾಲು ಡೈರಿಗೆ ಹಾಕಿ ಬಂದವರು.

ಆಲಸ್ಯವನ್ನೂ ಜೊತೆಗೆ ಎಳೆಯಬೇಡಿ. ಹಳಬರು ‘ದೇಹಾಲಸ್ಯ’ ಅಂದರೆ ಅದು ಕಾಯಿಲೆ. ಅಜ್ಜ ಬರೆದ ಕಾಗದದಲ್ಲಿ ‘ದೇಹಾಲಸ್ಯದಿಂದ ಬರಲಾಗಲಿಲ್ಲ’ ಅಂತ ಇದ್ದರೆ ಅವರಿಗೆ ಜ್ವರ ಬಂದಿತ್ತು ಅಂತ ಅರ್ಥ.

ನಿರುದ್ಯೋಗಿ ಎನ್ನುವುದು ಲೆಕ್ಕದ ಪದ, ಅದಕ್ಕೆ ಜಾಸ್ತಿ ಜಾಗ ಬೇಡ. 2017ರಿಂದ ಕೇಂದ್ರ ಸರ್ಕಾರ ನಡೆಸುತ್ತಿರುವ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಕೆಲಸ ಹುಡುಕುತ್ತಿರುವವರು, ಸಿಕ್ಕರೆ ಮಾಡಲು ತಯಾರಿರುವವರು ಮಾತ್ರ ನಿರುದ್ಯೋಗಿಗಳು. ಬೇಡ ಅಂತ ಬಿಟ್ಟವರು ಆ ಲೆಕ್ಕಕ್ಕೇ ಬರುವುದಿಲ್ಲ. ಬಾಡಿಗೆ, ಪಿಂಚಣಿಯಲ್ಲಿ ಬದುಕುವವರಿಗೆ ಸಮೀಕ್ಷೆ ಕೊಟ್ಟ ಗುರುತಿನ ಸಂಖ್ಯೆ 94. ಮನೆಗೆಲಸ ಮಾತ್ರ ಮಾಡುವವರಿಗೆ 92. ಇಬ್ಬರೂ ‘ದುಡಿಯುವವರು’ ಎಂಬ ಪಟ್ಟಿಯ ಹೊರಗೆ. ಆ 92ರ ಬಗ್ಗೆ ಆಮೇಲೆ ಹೇಳುತ್ತೇನೆ.

ಇಷ್ಟು ಹೇಳಿದ ಮೇಲೂ ಒಬ್ಬರು ‘ಕಾಯಕವೇ ಕೈಲಾಸ’ ಅಂತ ತೆಗೆದೇ ತೆಗೆಯುತ್ತಾರೆ. ಸರಿ, ಆ ಮಾತು ಬರುವ ವಚನ ಆಯ್ದಕ್ಕಿ ಮಾರಯ್ಯನದು, 12ನೇ ಶತಮಾನ. ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಕಥೆಯ ಮುಂದಿನ ಭಾಗವನ್ನು ಯಾಕೆ ಬಿಡುತ್ತೀರಿ? ಒಂದು ದಿನ ಅವನು ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ‘ಈಸಕ್ಕಿಯಾಸೆ ನಿಮಗೇಕೆ?’ ಅಂತ ಕೇಳಿದಳು. ಹೆಚ್ಚಿನದನ್ನು ವಾಪಸ್ ಸುರಿದು ಬರುವಂತೆ ಹೇಳಿದಳು. ಕಾಯಕದ ಮಾತನ್ನು ಹೇಳಿದ ಅದೇ ಮನೆಯಲ್ಲಿ ‘ಇಷ್ಟು ಸಾಕು’ ಎಂಬ ಮಾತೂ ಇತ್ತು. ನಮ್ಮ ಹುಡುಗ ಹೇಳುವುದು ಅದನ್ನೇ: ನನಗೆ ಇಷ್ಟು ಸಾಕು.

ಅವನ ಪರ ಮಾತಾಡುವವರು ‘ಇಲ್ಲ ಇಲ್ಲ, ಅವನು ಮನೇಲಿದ್ದೂ ಎಷ್ಟೊಂದು ಮಾಡ್ತಾನೆ’ ಅಂತ ಪಟ್ಟಿ ಕೊಡುತ್ತಾರೆ. ಆ ಪಟ್ಟಿ ನನಗೆ ಬೇಡ. ಅವನು ಎಂಟಕ್ಕೆ ಏಳುತ್ತಾನೆ. ಜಗಲಿಯಲ್ಲಿ ಕೂತು ಪೇಪರ್ ಓದುತ್ತಾನೆ. ಮಳೆ ಬಂದರೆ ಸುಮ್ನೆ ಮಳೆ ನೋಡುತ್ತಾನೆ. ಇಷ್ಟೇ ಮಾಡಿದರೂ ಅವನು ಮೈಗಳ್ಳ ಅಲ್ಲ ಎಂಬುದೇ ನನ್ನ ಮಾತು. ಇದೇ ಜಗಲಿಯಲ್ಲಿ ಇನ್ನೂರು ಎಕರೆ ತೋಟದ ಯಜಮಾನರು ಇದೇ ರೀತಿ ಕೂತಿದ್ದರೆ ‘ಪುಣ್ಯವಂತರು, ಕೂತು ಉಣ್ಣೋ ಯೋಗ’ ಅನ್ನುತ್ತಿದ್ದೆವು. ಕುರ್ಚಿ ಒಂದೇ, ಮಳೆ ಒಂದೇ, ಪದ ಮಾತ್ರ ಎರಡು.

ಹಾಗಾದರೆ ಮೈಗಳ್ಳ ಎಂಬ ಪದವನ್ನು ಎಲ್ಲಿ ಬಳಸಬೇಕು? ಜಾಗ ಬೇಕಾದಷ್ಟಿದೆ. ಸಂಬಳ ತೆಗೆದುಕೊಂಡು ಟೇಬಲ್ ಮೇಲೆ ಅರ್ಜಿ ಕೊಳೆಸುವವರಿಗೆ ಬಳಸಿ. ಹೆಸರಿಗೆ ಹಾಜರಿ ಹಾಕಿ ಹೊರಗೆ ಹೋಗುವವರಿಗೆ ಬಳಸಿ. ಮುಖ್ಯವಾಗಿ ಮನೆಯೊಳಗೆ ಬಳಸಿ. ಮನೆಯ ಕೆಲಸ ಯಾರೂ ಸಹಿ ಹಾಕಿ ಒಪ್ಪಿಕೊಂಡದ್ದಲ್ಲ. ಆದರೆ ಒಂದೇ ಒಲೆಯಲ್ಲಿ ಉಣ್ಣುವವರೆಲ್ಲ ಒಪ್ಪಿಕೊಂಡ ಹಾಗೆಯೇ ಲೆಕ್ಕ. ಅಲ್ಲಿ ಮೈ ಬಚ್ಚಿಡುವ ಗಂಡಸರು ಎಷ್ಟು ಜನ! ಕೊಟ್ಟಿಗೆ ಬಾಚುವ ಹೊತ್ತಿಗೆ ಸರಿಯಾಗಿ ಪೇಟೆಗೆ ಕೆಲಸ ಬರುತ್ತದೆ. ಆದರೂ ಮನೆಯೊಳಗೆ ನಾನು ಈ ಪದ ಕೇಳಿರುವುದು ಬಹುಪಾಲು ಹೆಣ್ಣುಮಕ್ಕಳಿಗೆ. ಆರೂವರೆಗೆ ಎದ್ದ ಸೊಸೆ ಮೈಗಳ್ಳಿ. ಊಟ ಆದ ಮೇಲೆ ಹತ್ತು ನಿಮಿಷ ಕಾಲು ಚಾಚಿದವಳು ಮೈಗಳ್ಳಿ. ಸಮೀಕ್ಷೆಯ 92 ಅಂದೆನಲ್ಲ, ಅದರಲ್ಲಿ ಇರುವವರು ಹೆಚ್ಚಾಗಿ ಇವರೇ. ಸರ್ಕಾರದ ಪುಸ್ತಕದಲ್ಲಿ ಇವರು ಕೆಲಸವನ್ನೇ ಮಾಡುವುದಿಲ್ಲ. ಮನೆಯಲ್ಲಿ ಕೆಲಸ ಕದಿಯುತ್ತಾರೆ.

ನಮ್ಮ ಚಿಕ್ಕಮ್ಮನನ್ನು ಜನ ಕೇಳುತ್ತಲೇ ಇರುತ್ತಾರೆ, ಮಗ ಏನ್ ಮಾಡ್ತಾನೆ ಅಂತ. ಮೊದಮೊದಲು ‘ರಜದ ಮೇಲೆ ಬಂದಿದಾನೆ’ ಅನ್ನುತ್ತಿದ್ದರು. ಆಮೇಲೆ ‘ಮನೆಯಿಂದಲೇ ಕಂಪ್ಯೂಟರಲ್ಲಿ ಮಾಡ್ತಾನೆ’ ಅಂದರು. ಈ ಸಲ ಗೃಹಪ್ರವೇಶದಲ್ಲಿ ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು ಅದೇ ಮಾವನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು: ‘ಕೆಲಸ ಬಿಟ್ಟಿದಾನೆ ಭಾವ. ಮನೇಲಿದಾನೆ.’