ತ್ರಿಸಂಧಿ: ಪ್ರದೇಶವಲ್ಲ, ಬಿಂದು

ಡೋಕ್ಲಾಂ ಸುದ್ದಿಗೆ ಬಂದಾಗಲೆಲ್ಲ ‘ಡೋಕ್ಲಾಂ ತ್ರಿಸಂಧಿಯಲ್ಲಿ ಚೀನಾ ರಸ್ತೆ’, ‘ತ್ರಿಸಂಧಿ ಪ್ರದೇಶದಲ್ಲಿ ಸೇನೆ ಜಮಾವಣೆ’ ಎಂಬ ಸಾಲುಗಳು ಹಾಜರಾಗುತ್ತವೆ. ಕೆಲವರು ಟ್ರೈಜಂಕ್ಷನ್ ಎಂದೇ ಬರೆಯುತ್ತಾರೆ, ಅದಕ್ಕೆ ತಕರಾರಿಲ್ಲ. ಆ ಪದವನ್ನು ಇಡೀ ಪ್ರಸ್ಥಭೂಮಿಗೆ ಅಂಟಿಸುವುದಕ್ಕೆ ಖಂಡಿತ ತಕರಾರಿದೆ. ಡೋಕ್ಲಾಂ ಭಾರತ, ಚೀನಾ, ಭೂತಾನ್ ಗಡಿಗಳು ಕೂಡುವ ಕಡೆ ಸುಮಾರು 89 ಚದರ ಕಿಲೋಮೀಟರ್ ಹರಡಿಕೊಂಡಿರುವ ಎತ್ತರದ ನೆಲ. ತ್ರಿಸಂಧಿಗೆ ಉದ್ದವೂ ಇಲ್ಲ, ಅಗಲವೂ ಇಲ್ಲ. ಮೂರು ದೇಶಗಳ ಗಡಿರೇಖೆಗಳು ಕೂಡುವ ಒಂದೇ ಒಂದು ಬಿಂದು ಅದು. 2017ರಲ್ಲಿ ಭಾರತ ಮತ್ತು ಚೀನಾದ ಸೇನೆಗಳು ಎದುರುಬದುರಾಗಿ ನಿಂತದ್ದರ ಬೇರು ಇರುವುದು ಆ ಬಿಂದು ಎಲ್ಲಿದೆ ಎಂಬ ಪ್ರಶ್ನೆಯಲ್ಲಿ.

ಹೊಳೆಗಳು ಸೇರುವ ಕಡೆಯನ್ನು ಕನ್ನಡದಲ್ಲಿ ಕೂಡಲು ಎನ್ನುತ್ತೇವೆ, ಮೂರಾದರೆ ಮುಕ್ಕೂಡಲು. ತಿರುಮಕೂಡಲು ನರಸೀಪುರದ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ. ಆದರೆ ನೀರು ತಾನಾಗಿ ಇಳಿದುಬಂದು ಕೂಡುತ್ತದೆ, ದೇಶಗಳ ಎಲ್ಲೆ ಹಾಗೆ ಕೂಡುವುದಿಲ್ಲ. ಆದ್ದರಿಂದಲೇ ‘ಸಂಧಿ’ ಇಲ್ಲಿ ಬಲು ಒಪ್ಪುವ ಪದ. ಸಂಧಿ ಎಂದರೆ ಕೀಲು, ಎರಡು ಸೇರುವ ತಾಣ. ಲೋಪ, ಆಗಮ, ಆದೇಶ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೂ ಈ ಅರ್ಥದ್ದೇ. ಇನ್ನೊಂದು ಅರ್ಥ ಒಪ್ಪಂದ. ಕೃಷ್ಣ ಹಸ್ತಿನಾಪುರಕ್ಕೆ ಹೋದದ್ದು ಈ ಸಂಧಿಗಾಗಿ. ನಮ್ಮ ಶಾಸನಗಳಲ್ಲಿ ಸಂಧಿವಿಗ್ರಹಿ ಎಂಬ ಅಧಿಕಾರಿ ಮತ್ತೆ ಮತ್ತೆ ಬರುತ್ತಾನೆ. ನೆರೆರಾಜ್ಯಗಳೊಡನೆ ಒಪ್ಪಂದವೋ ಯುದ್ಧವೋ ಎಂಬುದನ್ನು ನೋಡಿಕೊಳ್ಳುವವನು ಅವನು. ತ್ರಿಸಂಧಿಗೆ ಈ ಎರಡೂ ಅರ್ಥ ಬೇಕು. ಮೂವರೂ ಒಪ್ಪದ ಹೊರತು ಕೂಡುವ ತಾಣವೇ ಇರುವುದಿಲ್ಲ. ಇಬ್ಬರು ಕುಳಿತು ತಮ್ಮ ನಡುವಿನ ಗೆರೆಯನ್ನು ಎಷ್ಟು ದೂರ ಬೇಕಾದರೂ ಎಳೆಯಬಹುದು. ಅದರ ಕೊನೆಯ ತುದಿ ಮಾತ್ರ ಮೂರನೆಯವರ ಕೈಯಲ್ಲಿರುತ್ತದೆ.

ಡೋಕ್ಲಾಂನಲ್ಲಿ ಆಗಿರುವುದೇ ಇದು. 1890ರಲ್ಲಿ ಬ್ರಿಟನ್ ಮತ್ತು ಚೀನಾ ಕಲ್ಕತ್ತೆಯಲ್ಲಿ ಸಿಕ್ಕಿಂ–ಟಿಬೆಟ್ ಗಡಿಯ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಮೊದಲ ವಿಧಿಯೇ ಎರಡು ಮಾತು ಹೇಳುತ್ತದೆ. ಗಡಿ ಭೂತಾನ್ ಅಂಚಿನ ಗಿಪ್‌ಮೋಚಿ ಶಿಖರದಿಂದ ಹೊರಡುತ್ತದೆ. ತೀಸ್ತಾ ನದಿಯ ನೀರನ್ನೂ ಟಿಬೆಟ್ ಕಡೆಯ ಮೋಚು ನದಿಗೆ ಹರಿಯುವ ನೀರನ್ನೂ ಬೇರ್ಪಡಿಸುವ ಏಣನ್ನು, ಅಂದರೆ ಬೆಟ್ಟಸಾಲಿನ ನೆತ್ತಿಯನ್ನು, ಹಿಡಿದು ಸಾಗುತ್ತದೆ. ಚೀನಾ ಶಿಖರದ ಹೆಸರನ್ನು ಹಿಡಿದುಕೊಂಡಿದೆ. ಭಾರತ ಮತ್ತು ಭೂತಾನ್ ನೀರು ಇಬ್ಭಾಗವಾಗುವ ಏಣನ್ನು ಆಧಾರ ಮಾಡಿಕೊಂಡು, ತ್ರಿಸಂಧಿ ಇನ್ನೂ ಆರೇಳು ಕಿಲೋಮೀಟರ್ ಉತ್ತರಕ್ಕೆ, ಬಟಾಂಗ್ ಲಾ ಎಂಬ ಕಣಿವೆದಾರಿಯಲ್ಲಿದೆ ಎನ್ನುತ್ತವೆ. 2017ರ ಜೂನ್‌ನಲ್ಲಿ ಭಾರತೀಯ ಸೈನಿಕರು ಇಳಿದು ಹೋದ ಡೋಕಾ ಲಾ ಇರುವುದು ಈ ಎರಡು ಬಿಂದುಗಳ ನಡುವೆ. ಬಟಾಂಗ್ ಲಾ ಸರಿಯಾದರೆ ಚೀನಾ ರಸ್ತೆ ಕಡಿಯಲು ಹೊರಟ ನೆಲ ಭೂತಾನಿನದು. ಗಿಪ್‌ಮೋಚಿ ಸರಿಯಾದರೆ ಚೀನಾ ಜಂಫೇರಿ ಏಣಿನವರೆಗೂ ಬಂದು, ಈಶಾನ್ಯ ರಾಜ್ಯಗಳನ್ನು ಉಳಿದ ಭಾರತಕ್ಕೆ ಜೋಡಿಸುವ ಸಿಲಿಗುರಿಯ ಕಿರಿದಾದ ಪಟ್ಟಿಗೆ ಇನ್ನಷ್ಟು ಹತ್ತಿರವಾಗುತ್ತದೆ. 1890ರ ಕಾಗದದಲ್ಲಿ ಭೂತಾನಿನ ಸಹಿ ಇಲ್ಲ ಎಂಬುದನ್ನು ಮರೆಯಬಾರದು. ತ್ರಿಸಂಧಿಗಳನ್ನು ಮೂರನೆಯ ದೇಶದೊಡನೆ ಸಮಾಲೋಚಿಸಿಯೇ ಅಂತಿಮಗೊಳಿಸಬೇಕು ಎಂದು ಭಾರತ ಮತ್ತು ಚೀನಾದ ಪ್ರತಿನಿಧಿಗಳು 2012ರಲ್ಲಿ ಒಪ್ಪಿಕೊಂಡಿದ್ದರು ಎಂದು ಭಾರತ 2017ರಲ್ಲಿ ನೆನಪಿಸಿದ್ದು ಈ ಕಾರಣಕ್ಕೆ. ‘ತ್ರಿಸಂಧಿಯ ಬಳಿ’ ಎಂದು ಬರೆದರೆ ಸರಿ. ಯಾರ ಪ್ರಕಾರದ ತ್ರಿಸಂಧಿ ಎಂದೂ ಸೇರಿಸಿದರೆ ಇನ್ನೂ ಸರಿ.

‘ನಾಲ್ಕು ದೇಶಗಳು ಸೇರುವ ಜಾಗ’ ಎಂಬ ಮಾತೂ ಅಷ್ಟೇ ಧಾರಾಳವಾಗಿ ಓಡಾಡುತ್ತಿದೆ. ಜಾಂಬೆಜಿ ಮತ್ತು ಚೋಬೆ ನದಿಗಳು ಕೂಡುವ ಕಜುಂಗುಲಾದ ಫೋಟೊ ಅದರ ಜೊತೆಗೇ ಬರುತ್ತದೆ. ಜಾಂಬಿಯಾ, ಬೋಟ್ಸ್ವಾನಾ, ಜಿಂಬಾಬ್ವೆ, ನಮೀಬಿಯಾ ಅಲ್ಲಿ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಅಲ್ಲಿರುವುದು ಎರಡು ತ್ರಿಸಂಧಿಗಳು. ನಡುವೆ ಜಾಂಬಿಯಾ–ಬೋಟ್ಸ್ವಾನಾಗಳ ಸುಮಾರು 150 ಮೀಟರ್ ಗಡಿ. ಇದು ಬರೀ ಲೆಕ್ಕದ ಮಾತಲ್ಲ. ಆ ತುಣುಕು ಗಡಿಯೇ ಇಲ್ಲ, ಆದ್ದರಿಂದ ಎರಡು ದೇಶಗಳಿಗೂ ನೇರ ಸಂಪರ್ಕದ ಹಕ್ಕಿಲ್ಲ ಎಂದು ವರ್ಣಭೇದ ಕಾಲದ ದಕ್ಷಿಣ ಆಫ್ರಿಕಾ 1970ರಲ್ಲಿ ವಾದಿಸಿತ್ತು. ಆ ವಾದ ಊರ್ಜಿತವಾಗಲಿಲ್ಲ. 2021ರಲ್ಲಿ ಅಲ್ಲೇ 923 ಮೀಟರ್ ಉದ್ದದ ಸೇತುವೆ ತೆರೆಯಿತು. ಜಿಂಬಾಬ್ವೆಯ ನೆಲ ತಾಗದಿರಲೆಂದು ಅದನ್ನು ಬಾಗಿಸಿ ಕಟ್ಟಿದ್ದಾರೆ. ಮೇಲಿನಿಂದ ತೆಗೆದ ಯಾವ ಚಿತ್ರದಲ್ಲಾದರೂ ಆ ಬಾಗು ಎದ್ದು ಕಾಣುತ್ತದೆ. ನಾಲ್ಕು ದೇಶಗಳ ಎಲ್ಲೆ ಒಂದೇ ಬಿಂದುವಿನಲ್ಲಿ ಕೂಡುವ ಜಾಗ ಇಂದು ಭೂಮಿಯ ಮೇಲೆ ಒಂದೂ ಇಲ್ಲ.

ಭಾರತದ ಇನ್ನೆರಡು ತ್ರಿಸಂಧಿಗಳೂ ಇತ್ಯರ್ಥವಾಗಿಲ್ಲ. ಭಾರತ, ನೇಪಾಳ, ಚೀನಾ ಕೂಡುವ ಲಿಪುಲೇಖ್ ಬಳಿಯದು ಕಾಳಿ ನದಿಯ ಮೂಲ ಯಾವುದು ಎಂಬ ಜಗಳ. 1816ರ ಸುಗೌಲಿ ಒಪ್ಪಂದ ಆ ನದಿಯನ್ನೇ ಗಡಿ ಎಂದಿತು, ನೇಪಾಳ ಅದರ ಹುಟ್ಟನ್ನು ಲಿಂಪಿಯಾಧುರಾದಲ್ಲಿ ಗುರುತಿಸಿ 2020ರಲ್ಲಿ ಹೊಸ ನಕ್ಷೆ ಹೊರಡಿಸಿತು. ಭಾರತ, ಚೀನಾ, ಬರ್ಮಾ (ಈಗಿನ ಮ್ಯಾನ್ಮಾರ್) ಕೂಡುವ ಪೂರ್ವದ ತುದಿಯಲ್ಲಿ, 1960ರ ಬರ್ಮಾ–ಚೀನಾ ಒಪ್ಪಂದದ ನಕ್ಷೆ ಗಡಿಯ ಕೊನೆಯನ್ನು ದಿಫು ಕಣಿವೆದಾರಿಯಲ್ಲಿ ತೋರಿಸಿತು. ಆ ಮಾತುಕತೆಯಲ್ಲಿ ಭಾರತ ಇರಲಿಲ್ಲ. ನಿಜವಾದ ತ್ರಿಸಂಧಿ ಅಲ್ಲಿಂದ ಐದು ಮೈಲಿ ಉತ್ತರಕ್ಕಿದೆ ಎಂದು ದೆಹಲಿ ಆಕ್ಷೇಪಿಸಿತು.