ಬಾವಿಕಟ್ಟೆಯ ಮೇಲಿನ ಹಗ್ಗದ ಗೆರೆ

ಅಗೆತದ ಜಾಗಕ್ಕೆ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸಾರ್, ಚಿನ್ನ ಏನಾದ್ರೂ ಸಿಕ್ತಾ?" ಇಲ್ಲ ಅಂದರೆ ಮುಖ ಸಪ್ಪೆಯಾಗುತ್ತದೆ. ನನಗೋ, ಹಳೆಯ ಊರಿನ ಜನ ಹೇಗೆ ಬದುಕಿದ್ದರು ಅಂತ ತಿಳಿಯಲು ಒಂದು ಬಾವಿ ಸಿಕ್ಕರೆ ಸಾಕು.

ಮೊಹೆಂಜೊದಾರೊವನ್ನೇ ನೋಡಿ. ಈಗಿನ ಪಾಕಿಸ್ತಾನದ ಸಿಂಧ್‌ನಲ್ಲಿರುವ ಈ ನಗರ ಸುಮಾರು ಕ್ರಿ.ಪೂ. 2600ರಿಂದ 1900ರವರೆಗೆ ಬಾಳಿತು. ಅವರ ಲಿಪಿ ಏನು ಹೇಳುತ್ತದೆ ಅಂತ ಇನ್ನೂ ಬಗೆಹರಿದಿಲ್ಲ. (ಓದಿಬಿಟ್ಟೆ ಅನ್ನುವವರು ವರ್ಷಕ್ಕೊಬ್ಬರು ಸಿಗುತ್ತಾರೆ, ಅದು ಬೇರೆ ಮಾತು.) ಹಾಗಾಗಿ ನಾವು ಇಟ್ಟಿಗೆಯನ್ನೇ ಓದಬೇಕು.

ಅಲ್ಲಿ 700ರ ಆಸುಪಾಸು ಬಾವಿಗಳಿದ್ದವು ಅಂತ ಅಂದಾಜು. ಊರಿನ ಸ್ವಲ್ಪ ಭಾಗವನ್ನಷ್ಟೇ ಅಗೆದಿದ್ದಾರೆ, ಸಿಕ್ಕಿದ್ದನ್ನು ಇಟ್ಟುಕೊಂಡು ಹಾಕಿದ ಲೆಕ್ಕ ಇದು. ಆ ಬಾವಿಗಳ ಇಟ್ಟಿಗೆ ನೋಡಬೇಕು. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ಕಿರಿದಾದ ತುದಿ ಒಳಗೆ ಬರುವಂತೆ ದುಂಡಗೆ ಜೋಡಿಸಿದರೆ, ಹೊರಗಿನ ಮಣ್ಣು ಒತ್ತಿದಷ್ಟೂ ಇಟ್ಟಿಗೆಗಳು ಒಂದಕ್ಕೊಂದು ಬಿಗಿಯುತ್ತವೆ. ಬಾವಿ ಕುಸಿಯುವುದಿಲ್ಲ.

ಹಳೇ ಮನೆ ಬಿದ್ದರೆ ಅದರ ಮೇಲೇ ಹೊಸ ಮನೆ ಕಟ್ಟಿದರು. ಬೀದಿಯೂ ಮೇಲೇರಿತು. ಬಾವಿಯನ್ನು ಮಾತ್ರ ಬಿಡಲಿಲ್ಲ, ಬಾಯಿಗೆ ನಾಲ್ಕು ವರಸೆ ಇಟ್ಟಿಗೆ ಸೇರಿಸಿಕೊಂಡೇ ಹೋದರು. 1920ರ ದಶಕದಲ್ಲಿ ಅಗೆದವರು ಸುತ್ತಲ ಮಣ್ಣು ತೆಗೆದಾಗ ಕೆಲವು ಬಾವಿಗಳು ಗೋಪುರದ ಹಾಗೆ ನಿಂತುಬಿಟ್ಟವು. ಫೋಟೊ ತೋರಿಸಿದಾಗ ಒಬ್ಬ ವಿದ್ಯಾರ್ಥಿ ಕೇಳಿದ: "ಇದು ಚಿಮಣಿ ಅಲ್ವಾ ಸಾರ್?"

ನನಗೆ ಇಷ್ಟವಾದದ್ದು ಬಾವಿಯ ಅಂಚು. ಹಗ್ಗ ಉಜ್ಜಿ ಉಜ್ಜಿ ಇಟ್ಟಿಗೆಯಲ್ಲಿ ಗೆರೆ ಬಿದ್ದಿದೆ. ನಮ್ಮಜ್ಜಿ ಮನೆಯ ಸೇದೋ ಬಾವಿಯ ಕಲ್ಲಿನಲ್ಲೂ ಇಂಥದೇ ಗೆರೆಗಳಿದ್ದವು. ಚಿಕ್ಕವರಿದ್ದಾಗ ಅದರಲ್ಲಿ ಬೆರಳಾಡಿಸಿ ಬೈಸಿಕೊಳ್ಳುತ್ತಿದ್ದೆವು. ಬಾವಿಯ ಸುತ್ತ ಇಟ್ಟಿಗೆ ಹಾಸು, ಕೊಡ ಉರುಳದಂತೆ ಅಲ್ಲಲ್ಲಿ ತಗ್ಗು. ಚೆಲ್ಲಿದ ನೀರು ಚರಂಡಿಗೆ.

ಬಾವಿ ಮನೆಯೊಳಗಿದ್ದರೂ ಕೆಲವು ಕಡೆ ಆ ಕೋಣೆಗೆ ಬೀದಿಯಿಂದ ಬಾಗಿಲಿದೆ. ಅಂದರೆ ಹೊರಗಿನವರೂ ಬಂದು ಸೇದಿಕೊಳ್ಳುತ್ತಿದ್ದರು. ಒಂದು ಗೋಡೆಯಿಂದ ನೆರೆಹೊರೆಯ ಬಗ್ಗೆ ಇಷ್ಟು ತಿಳಿದರೆ ಜಾಸ್ತಿನೇ.

ಇನ್ನೊಂದು ವಿಷಯ. ಊರಿನ ಕೊನೆಗಾಲದ ಪದರಗಳಲ್ಲಿ ಪುಟ್ಟ ಮಣ್ಣಿನ ಲೋಟಗಳ ಚೂರು ರಾಶಿ ರಾಶಿ ಸಿಗುತ್ತವೆ, ಬಾವಿಗಳ ಹತ್ತಿರವೂ. ಇವು ಒಮ್ಮೆ ಕುಡಿದು ಎಸೆಯುವ ಲೋಟಗಳಿರಬೇಕು ಅಂತ ಅಗೆದವರು ಊಹಿಸಿದರು. ನಾನೂ ಅದನ್ನು ಒಪ್ಪುತ್ತೇನೆ. ಯಾಕೆಂದರೆ ಅವುಗಳ ತಳ ಚೂಪು. ಕುಡಿದು ಮುಗಿಸುವ ತನಕ ಕೈಯಲ್ಲೇ ಇರಬೇಕು, ನೆಲಕ್ಕಿಟ್ಟರೆ ಮಗುಚಿಕೊಳ್ಳುತ್ತವೆ.