ಮೊದಲು ದೂತ, ರೆಕ್ಕೆ ಆಮೇಲೆ

ಕಾರವಾರದಿಂದ ಭಟ್ಕಳದವರೆಗೆ ಹಬ್ಬದ ಬ್ಯಾನರ್ ಇರಲಿ, ಪ್ರಾರ್ಥನೆಯ ಕರಪತ್ರ ಇರಲಿ, ಸಮಾಧಿಯ ಕಲ್ಲಿರಲಿ, ನಮ್ಮ ಹತ್ತಿರ ಕನ್ನಡದಲ್ಲಿ ಬರೆಸಲು ಬರುವವರು ‘ಏಂಜೆಲ್’ ಇದ್ದಲ್ಲೆಲ್ಲ ‘ದೇವತೆ’ ಎಂದು ಬರೆದುಕೊಂಡೇ ಬರುತ್ತಾರೆ. ಹೊಡೆದು ‘ದೇವದೂತ’ ಮಾಡಿದರೆ ಮುಖ ಸಪ್ಪಗಾಗುತ್ತದೆ. “ದೂತ ಅಂದ್ರೆ ಕಡ್ಮೆ ಆಯ್ತಲ್ಲ ಮಾರಾಯ್ರೆ?”

ಆಗಲಿಲ್ಲ. ಹಾಗೆ ಅನ್ನಿಸುವುದರಲ್ಲಿ ಯಕ್ಷಗಾನದ ಪಾಲೂ ಸ್ವಲ್ಪ ಇರಬಹುದು. ರಂಗಸ್ಥಳದಲ್ಲಿ ದೂತನ ಪಾತ್ರ ಹೆಚ್ಚಾಗಿ ಹಾಸ್ಯಗಾರರಿಗೆ. ಓಲೆ ಕೊಟ್ಟು, ನಾಲ್ಕು ಚಟಾಕಿ ಹಾರಿಸಿ ಹೋದರೆ ಮುಗಿಯಿತು. ಆದರೆ ಸಂಧಾನಕ್ಕೆ ಹೋದ ಅಂಗದನೂ ದೂತನೇ, ಕೃಷ್ಣನೂ ದೂತನೇ. ಬೈಬಲಿನ ಮೂಲಭಾಷೆಗಳಲ್ಲಿ ದೇವದೂತನಿಗಿರುವ ಶಬ್ದಗಳು, ಹೀಬ್ರೂವಿನ ‘ಮಲಾಖ್’, ಗ್ರೀಕಿನ ‘ಆಂಗೆಲೊಸ್’, ಎರಡರ ಅರ್ಥವೂ ಸುದ್ದಿ ಒಯ್ಯುವವನು ಎಂದೇ. ರಾಜ ಕಳಿಸಿದ ಆಳಿಗೂ ಹೀಬ್ರೂವಿನಲ್ಲಿ ಅದೇ ಶಬ್ದ. ಹೆಸರು ಹೇಳುವುದು ಕೆಲಸವನ್ನು, ಅಂತಸ್ತನ್ನಲ್ಲ.

‘ದೇವತೆ’ಯಿಂದ ಕೆಡುವುದು ಇಲ್ಲಿ. ಶಿರಸಿಯಲ್ಲಿ ದೇವತೆ ಅಂದರೆ ಮಾರಿಕಾಂಬೆ: ಎರಡು ವರ್ಷಕ್ಕೊಮ್ಮೆ ಜಾತ್ರೆ, ತೇರು, ಉಡಿ, ಹರಕೆ. ದೇವತೆಗೆ ಪೂಜೆ ಸಲ್ಲುತ್ತದೆ, ದೇವತೆ ವರ ಕೊಡುತ್ತಾಳೆ. ದೇವದೂತನಿಗೆ ಎರಡೂ ಇಲ್ಲ. ಬೈಬಲಿನ ಪ್ರಕಟಣೆ ಗ್ರಂಥದ 22ನೇ ಅಧ್ಯಾಯದಲ್ಲಿ ಯೋಹಾನ ದೂತನ ಕಾಲಿಗೆ ಬೀಳಲು ಹೋದಾಗ ದೂತನೇ ತಡೆಯುತ್ತಾನೆ: ಬೇಡ, ನಾನೂ ನಿನ್ನ ಹಾಗೆ ಸೇವಕ, ದೇವರನ್ನು ಆರಾಧಿಸು. ಕ್ರೈಸ್ತರು ಕಾವಲುದೂತನ ನೆರವು ಬೇಡುವುದುಂಟು. ಆರಾಧನೆ ಬೇರೆ ಮಾತು. ಮುಸ್ಲಿಮರ ಕರಪತ್ರದಲ್ಲಿ ‘ದೇವತೆ’ ಬಿದ್ದರಂತೂ ಏಕದೇವ ನಂಬಿಕೆಯ ಬುಡಕ್ಕೇ ಪೆಟ್ಟು. ಹೋಲಿಕೆ ಬೇಕೇಬೇಕೆಂದರೆ ಭಾಗವತದ ಅಜಾಮಿಳನ ಕತೆಯ ವಿಷ್ಣುದೂತರು ಸ್ವಲ್ಪ ಹತ್ತಿರ. ಅದೂ ಕೆಲಸದ ಮಟ್ಟಿಗೆ ಮಾತ್ರ.

‘ದೇವತೆ’ ಬಂದ ಕೂಡಲೇ ‘ಬಂದಳು’ ಎಂಬ ಕ್ರಿಯಾಪದವೂ, ಡಿಸೈನ್ ಮಾಡುವವರ ಹತ್ತಿರ ಬಿಳಿ ಸೀರೆಯ ಚಿತ್ರವೂ ಹಿಂದೆಯೇ ಬರುತ್ತವೆ. ಬೈಬಲಿನಲ್ಲಿ ‘ದೂತನು ಬಂದನು’. ಮುಸ್ಲಿಮರ ಬರಹದಲ್ಲಿ ಗೌರವಕ್ಕೆ ‘ಜಿಬ್ರೀಲ್ (ಗಬ್ರಿಯೇಲ) ಬಂದರು’. ಮಲಕ್‌ಗಳಿಗೆ, ಅಂದರೆ ದೇವದೂತರಿಗೆ, ಹೆಣ್ಣಿನ ಹೆಸರಿಡುವವರನ್ನು ಕುರ್‌ಆನಿನ 53ನೇ ಅಧ್ಯಾಯ ಆಕ್ಷೇಪಿಸುತ್ತದೆ. ಮುಸ್ಲಿಮರ ಕರಪತ್ರಕ್ಕೆ ಚಿತ್ರವೇ ಬೇಡ, ಅಂಚಿಗೆ ಬಳ್ಳಿ ಸಾಕು.

ಇನ್ನೊಂದು ಗುಂಡಿ ಕೊಂಕಣಿಯದು. ಕನ್ನಡದ ಇಸ್ಲಾಮೀ ಬರಹಗಳಲ್ಲಿ ಮಲಕ್‌ಗಳಿಗೆ ‘ದೇವಚರರು’ ಎಂಬ ಪದವೂ ಇದೆ. ಕಾರವಾರದ ಕೊಂಕಣಿ ಕ್ರೈಸ್ತರಿಗೆ ‘ದೆವ್ಚಾರ್’ ಅಂದರೆ ಸೈತಾನ! ಎರಡೂ ಕಡೆಯವರು ಓದುವ ಹಾಳೆಯಾದರೆ ‘ಮಲಕ್’ ಎಂದೇ ಇಡಿ. ಕೊಂಕಣಿಯಲ್ಲಿ ‘ಆಂಜ್’ ಇದೆ, ಪೋರ್ಚುಗೀಸಿನಿಂದ ಬಂದದ್ದು, ತೊಂದರೆಯಿಲ್ಲ.

ಹೆಸರುಗಳಲ್ಲಿ ಕೆಥೋಲಿಕರಿಗೆ ಮೂರೇ: ಮಿಕಾಯೇಲ, ಗಬ್ರಿಯೇಲ, ರಫಾಯೇಲ. ಹಬ್ಬ ಸೆಪ್ಟೆಂಬರ್ 29. ಕಾವಲುದೂತರದು ಅಕ್ಟೋಬರ್ 2. ಅಂತರ್ಜಾಲದಿಂದ ‘ಊರಿಯೇಲ’ನನ್ನು ತಂದು ಸೇರಿಸುವವರಿದ್ದಾರೆ. 745ರ ರೋಮ್ ಸಭೆ ಆ ಹೆಸರನ್ನು ತಳ್ಳಿಹಾಕಿತ್ತು. ಈ ಮೂರು ಬಿಟ್ಟು ಬೇರೆ ಹೆಸರಿಡುವುದು ಬೇಡವೆಂದು ವ್ಯಾಟಿಕನ್ 2001ರಲ್ಲೂ ಹೇಳಿದೆ. ರಫಾಯೇಲ ಬರುವುದು ತೋಬೀತನ ಗ್ರಂಥದಲ್ಲಿ. ಪ್ರೊಟೆಸ್ಟಂಟ್ ಬೈಬಲಿನಲ್ಲಿ ಆ ಗ್ರಂಥವಿಲ್ಲ, ಆದ್ದರಿಂದ ಅವರ ಬ್ಯಾನರಿಗೆ ಅವನನ್ನು ಹಾಕಬೇಡಿ.

ರೆಕ್ಕೆಯ ವಿಷಯ ಎಲ್ಲರೂ ಕೇಳುತ್ತಾರೆ. ಬೈಬಲಿನ ಪ್ರವಾದಿ ಯೆಶಾಯನು ಕಂಡ ಸೆರಾಫಿಯರೆಂಬ ದೂತರಿಗೆ ಆರು: ಎರಡರಿಂದ ಮುಖ, ಎರಡರಿಂದ ಕಾಲು ಮುಚ್ಚಿ, ಉಳಿದೆರಡರಲ್ಲಿ ಹಾರಾಟ. ಪ್ರವಾದಿ ಯೆಹೆಜ್ಕೇಲನು ಕಂಡ ಕೆರೂಬಿಗಳೆಂಬ ದೂತರಿಗೆ ನಾಲ್ಕು ರೆಕ್ಕೆ, ನಾಲ್ಕು ಮುಖ. ಅಬ್ರಹಾಮನ ಗುಡಾರಕ್ಕೆ ಬಂದವರಿಗಂತೂ ರೆಕ್ಕೆಯ ಸುದ್ದಿಯೇ ಇಲ್ಲ. ಮೂವರು ದಾರಿಹೋಕರ ಹಾಗೆ ಬಂದು, ಮರದ ಕೆಳಗೆ ಕೂತು ಕರುವಿನ ಮಾಂಸ, ಮೊಸರು ಉಂಡರು. ಬ್ಯಾನರಿನ ಗುಂಡುಗುಂಡು ಮಗುವಿನ ಮೂಲ ಬೈಬಲ್ ಅಲ್ಲ. ಅದು ರೋಮನ್ನರ ಪ್ರೇಮದೇವ ಕ್ಯೂಪಿಡ್‌ನ ಚಿತ್ರಗಳಿಂದ ಯೂರೋಪಿನ ಕಲಾವಿದರು ಎತ್ತಿಕೊಂಡದ್ದು.

ಕಷ್ಟದ ಜಾಗ ಮಗುವಿನ ಸಮಾಧಿ. ‘ದೇವತೆಯಾದಳು’ ಅಥವಾ ‘ದೇವದೂತಳಾದಳು’ ಎಂದು ಕೆತ್ತಿಸಲು ಕೇಳುತ್ತಾರೆ. ಕ್ರೈಸ್ತ, ಇಸ್ಲಾಂ ಎರಡೂ ಬೋಧನೆಗಳಲ್ಲಿ ದೂತರು ಬೇರೆಯೇ ಸೃಷ್ಟಿ. ಹದೀಸಿನ (ಪ್ರವಾದಿ ಮುಹಮ್ಮದರ ನುಡಿಗಳ) ಪ್ರಕಾರ ಅವರು ಬೆಳಕಿನಿಂದ ಆದವರು. ಸತ್ತ ಮನುಷ್ಯ ದೂತನಾಗುವುದಿಲ್ಲ. ಮತ್ತಾಯ 22:30ರಲ್ಲಿ ಪುನರುತ್ಥಾನ ಹೊಂದಿದವರು ‘ದೇವದೂತರಂತೆ’ ಇರುತ್ತಾರೆ ಎಂದಿದೆ. ಆ ‘ಅಂತೆ’ಯನ್ನು ನುಂಗಬಾರದು. ಕ್ರೈಸ್ತರ ಕಲ್ಲಾದರೆ ‘ದೇವದೂತರ ಸಂಗಡ ಇದ್ದಾಳೆ’ ಎಂದು ಬರೆಸಬಹುದು, ಅಕ್ಷರವೂ ಹೆಚ್ಚೇನಿಲ್ಲ. ಆದರೂ ನಿಮ್ಮ ಇಗರ್ಜಿಯ ಫಾದರ್‌ಗೆ ಒಮ್ಮೆ ತೋರಿಸಿ, ಅವರ ಮಾತೇ ಕೊನೆಯದು. ತಾಯಿ ಮನೆಯಲ್ಲಿ ಫೋಟೋದ ಕೆಳಗೆ ಏನು ಬರೆದುಕೊಂಡರೂ ಅದನ್ನು ಯಾರೂ ತಿದ್ದಲು ಹೋಗಬೇಡಿ. ಕಲ್ಲಿನದ್ದನ್ನು ಮಾತ್ರ ಉಳಿ ಮುಟ್ಟುವ ಮೊದಲೇ ತನ್ನಿ.